ಅಬ್ಬಾಸಾಕರ ಪಿಕಪ್ಪು ಮತ್ತು ನನ್ನ ಬಿಸಿನೀರು

ನಿವೃತ್ತರಾದ ಗಂಡಸರಿಗೆ ಮನೆಯಲ್ಲಿ ಒಂದಾದರೂ ಖಾತೆ ಕೊಡಬೇಕು, ಇಲ್ಲದಿದ್ದರೆ ಅವರು ಅಡುಗೆಮನೆಗೆ ನುಗ್ಗಿ ಸಾಸಿವೆ ಡಬ್ಬಿಗಳಿಗೆ ಚೀಟಿ ಅಂಟಿಸಲು ಶುರುಮಾಡುತ್ತಾರೆ ಎಂಬುದು ನನ್ನ ಹೆಂಡತಿ ವಾರಿಜಳ ಸಿದ್ಧಾಂತ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ಮನೆ ಸೇರಿದ ವಾರದಲ್ಲೇ ಅವಳು ನನಗೆ ಹಂಡೆ ಒಲೆಯ ಖಾತೆ ವಹಿಸಿದಳು. ಬಚ್ಚಲಿನ ಒಲೆಗೆ ಬೆಂಕಿ ಹಾಕಿ ಮೀಯುವ ನೀರು ಕಾಯಿಸುವುದು ನನ್ನ ಕೆಲಸ. ನಮ್ಮ ಸುಳ್ಯದ ಕಡೆ ಹಂಡೆ ಒಲೆಗೆ ಇಂಥದ್ದೇ ಆಗಬೇಕೆಂದಿಲ್ಲ. ತೆಂಗಿನ ಮಡಲು, ಅಡಿಕೆ ಸಿಪ್ಪೆ, ಮುರಿದ ಕುರ್ಚಿಯ ಕಾಲು, ಹೀಗೆ ಬೆಂಕಿ ಹಿಡಿಯುವ ಯಾವ ವಸ್ತುವೂ ನಮ್ಮ ಕಣ್ಣಿಗೆ ಬಿದ್ದು ಪಾರಾಗುವುದಿಲ್ಲ. ನಾನಂತೂ ನೆಂಟರು ಊರುಗೋಲನ್ನು ಮೂಲೆಗೆ ಒರಗಿಸಿದರೂ, ಒಣಗಿದೆಯೇ ಎಂದು ತಟ್ಟಿ ನೋಡುವ ಮಟ್ಟಕ್ಕೆ ಬಂದಿದ್ದೆ. ಆ ಚಾಳಿ ನನ್ನ ಮರ್ಯಾದೆ ತೆಗೆಯಿತು. ನನ್ನ ಮರ್ಯಾದೆ ಹೋದರೆ ಹೋಗಲಿ, ಇನ್ನೊಬ್ಬರದ್ದೂ ಏನೋ ಹೋಯಿತಲ್ಲ, ಆ ಸಂಕಟಕ್ಕೆ ಇದನ್ನು ಹೇಳಿಕೊಳ್ಳುತ್ತಿದ್ದೇನೆ.

ಜಾಲ್ಸೂರಿನ ಅಬ್ಬಾಸ್ ಬ್ಯಾರಿಗಳನ್ನು ನಾವೆಲ್ಲ ಅಬ್ಬಾಸಾಕ ಎಂದೇ ಕರೆಯುವುದು. ನಲವತ್ತು ವರ್ಷ ಒಂದೇ ಪಿಕಪ್ಪಿನಲ್ಲಿ ಸುಳ್ಯದಿಂದ ಪುತ್ತೂರಿಗೆ ಬಾಳೆಗೊನೆ, ತೆಂಗಿನಕಾಯಿ ಹೇರಿದವರು. ಆ ಕಾಲದಲ್ಲಿ ಕಂಪೆನಿಯಿಂದ ಬರುತ್ತಿದ್ದದ್ದು ಎಂಜಿನ್ನು, ಚಕ್ರ, ಅಡಿಯ ಚಾಸಿ, ಇಷ್ಟೇ. ಡ್ರೈವರ್ ಕೂರುವ ಗೂಡನ್ನು ಊರಿನ ಆಚಾರಿಗಳು ಹಲಸಿನ ಮರದ ಚೌಕಟ್ಟು ಮಾಡಿ, ಮೇಲೆ ತಗಡು ಹೊಡೆದು ಕಟ್ಟಿಕೊಡುತ್ತಿದ್ದರು. ಹುಡುಗನಾಗಿದ್ದಾಗ ಶಾಲೆಗೆ ಹೋಗಲು ನಾನು ಎಷ್ಟೋ ಸಲ ಅದನ್ನು ಹತ್ತಿದ್ದೇನೆ. ಅಬ್ಬಾಸಾಕ ಬಲಗೈಯ ಮೊಣಕೈಯನ್ನು ಕಿಟಕಿಯ ಮರದ ಅಂಚಿಗೆ ಊರಿ, ಒಂದೇ ಕೈಯಲ್ಲಿ ಸ್ಟಿಯರಿಂಗ್ ತಿರುಗಿಸುವುದನ್ನು ಬಾಯಿಬಿಟ್ಟು ನೋಡುತ್ತಿದ್ದೆ. ಊರಿ ಊರಿ ಅಲ್ಲೊಂದು ಗುಳಿಯೇ ಬಿದ್ದಿತ್ತು. ಅದರಲ್ಲಿ ನನ್ನ ಮೊಣಕೈ ಇಡುವ ಆಸೆ ನನಗೂ ಇತ್ತು, ಆದರೆ ಕೇಳುವ ಧೈರ್ಯವಿರಲಿಲ್ಲ.

ಈಗ ಅವರಿಗೆ ಎಂಬತ್ತು ದಾಟಿದೆ. ಹೋದ ವರ್ಷ ಒಂದು ದಿನ ಕರೆಸಿ ಹೇಳಿದರು: "ಮಾಷ್ಟ್ರೆ, ಪಿಕಪ್ಪನ್ನು ಗುಜರಿಯವನಿಗೆ ಕೊಡ್ಲಿಕ್ಕೆ ನನಗೆ ಮನಸ್ಸು ಬರುದಿಲ್ಲ. ನೀವು ಸರಿ ಮಾಡುದಾದ್ರೆ ಕೊಂಡೋಗಿ. ನನಗೆಂತ ಬೇಡ. ಸರಿಯಾದ ಮೇಲೆ ಒಮ್ಮೆ ನಾನು ಅದರಲ್ಲಿ ಕೂರ್ಬೇಕು, ಅಂಗಳದಲ್ಲಿ ಒಂದು ಸುತ್ತು ಬಿಡ್ಬೇಕು, ಅಷ್ಟೇ." ನಾನು ಎದೆ ಮುಟ್ಟಿ ಮಾತು ಕೊಟ್ಟೆ.

ಎಂಜಿನ್ನಿಗೆ ಪುತ್ತೂರಿನ ಗ್ಯಾರೇಜಿನವನೊಬ್ಬ ಜೀವ ಬರಿಸಿಕೊಟ್ಟ. ಅವನನ್ನು ನಾನು ಗಣಿತದಲ್ಲಿ ಎರಡು ಸಲ ಫೇಲು ಮಾಡಿದ್ದೆ. ಆತ ಅದನ್ನು ನೆನಪಿಸಲಿಲ್ಲ, ನಾನೂ ತೆಪ್ಪಗಿದ್ದೆ. ಮರದ ಕೆಲಸಕ್ಕೆ ಕಡಬದಿಂದ ವಾಮನಾಚಾರ್ಯರು ಬಂದರು. ತಗಡು ಕಿತ್ತು, ಚೌಕಟ್ಟನ್ನು ಬಿಚ್ಚಿ, ತುಂಡುಗಳನ್ನೆಲ್ಲ ಬಚ್ಚಲಿನ ಪಕ್ಕದ ಜಗಲಿಯಲ್ಲಿ ಸಾಲಾಗಿ ಇಟ್ಟರು. "ಮಾಷ್ಟ್ರೆ, ಒಂದು ತುಂಡನ್ನೂ ಬಿಸಾಡ್ಬೇಡಿ, ಕುಂಬಾಗಿ ಪುಡಿಯಾದದ್ದು ಸಹ ಬೇಕು. ಇದನ್ನು ಅಳತೆಗೆ ಇಟ್ಟುಕೊಂಡೇ ನಾನು ಹೊಸತು ಕೊರೆಯುದು" ಎಂದು ಹೇಳಿ, ಬೇರೊಂದು ಮನೆಯ ಮಾಡಿನ ಮರಗೆಲಸ ಮುಗಿಸಿ ಬರಲು ಹೋದರು.

ಅವರು ಇಟ್ಟ ಜಾಗವೇ ಸರಿಯಿರಲಿಲ್ಲ ನೋಡಿ. ಹಸಿದ ನಾಯಿಯ ಮುಂದೆ ರೊಟ್ಟಿ ಇಟ್ಟು ಕಾಯಲು ಹೇಳಿದ ಹಾಗಾಯಿತು. ಆ ವಾರ ನಮ್ಮ ಸೌದೆಯೆಲ್ಲ ಹಸಿ, ಊದಿ ಊದಿ ನನ್ನ ಕಣ್ಣು ಕೆಂಪಾಗಿತ್ತು. ನಾನು ತುಂಡುಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ಮೌಲ್ಯಮಾಪನ ಶುರುಮಾಡಿದೆ. ನೆಟ್ಟಗಿದ್ದದ್ದು ಪಾಸು. ಸವೆದದ್ದು, ಸೊಟ್ಟಗಿದ್ದದ್ದು ಫೇಲು. ಮೂವತ್ತು ವರ್ಷ ಮಾಡಿದ ಕೆಲಸ, ಕೈ ತಡೆಯಲೇ ಇಲ್ಲ. ವಾರಿಜ ಇಣುಕಿ, "ಅದು ಆಚಾರ್ಯರು ಇಟ್ಟದ್ದಲ್ವಾ? ಎಂತಕ್ಕೆ ಮುಟ್ಟುದು ನೀವು?" ಎಂದಳು. "ನನಗೆ ಗೊತ್ತುಂಟು" ಎಂದೆ. ಗಂಡಸರು ಈ ಮಾತು ಹೇಳಿದಾಗಲೆಲ್ಲ ಏನೂ ಗೊತ್ತಿರುವುದಿಲ್ಲ. ಫೇಲಾದವು ಒಂದೊಂದಾಗಿ ಒಲೆಗೆ ಹೋದವು. ಅವುಗಳಲ್ಲಿ ಮಧ್ಯೆ ತಗ್ಗಾದ ಒಂದು ತುಂಡು ತುಂಬ ಹೊತ್ತು ಉರಿಯಿತು. ಅದರ ಬಿಸಿನೀರಿನಲ್ಲಿ ನಾನು ಹಾಡಿಕೊಂಡು ಮಿಂದೆ. ಕಿಟಕಿಯ ಅಂಚಿನಲ್ಲಿದ್ದಾಗ ಬಾಯಿಬಿಟ್ಟು ನೋಡಿದ ಗುಳಿ, ನೆಲಕ್ಕೆ ಬಿದ್ದಾಗ ನನಗೆ ಗುರುತೇ ಸಿಗಲಿಲ್ಲ ಮಾರಾಯ್ರೆ!

ಆಚಾರ್ಯರು ಮರಳಿ ಬಂದು ತುಂಡುಗಳನ್ನು ಎಣಿಸಿದರು, ಮತ್ತೊಮ್ಮೆ ಎಣಿಸಿದರು. ಆಮೇಲೆ ಬಚ್ಚಲಿನ ಹೊಗೆಗೂಡನ್ನು ನೋಡಿದರು, ನನ್ನನ್ನು ನೋಡಿದರು. "ಅಳತೆಯಾದ್ರೂ ಬರೆದಿಟ್ಟಿದ್ದೀರಾ? ನೀವು ಲೆಕ್ಕದ ಮಾಷ್ಟ್ರಲ್ವಾ?" ಎಂದರು. ನಾನು ಬರೆದಿಟ್ಟಿರಲಿಲ್ಲ. "ಬಲಬದಿ ಕಿಟಕಿಯ ಅಂಚು ಸಹ ಹೋಯ್ತು. ಅಬ್ಬಾಸಾಕ ಕೈ ಇಡ್ತಿದ್ದದ್ದು" ಎಂದು ಅವರು ಹೇಳಿದಾಗಲೇ ನಾನು ಸುಟ್ಟದ್ದು ಏನೆಂದು ನನಗೆ ಹೊಳೆದದ್ದು. ಪಾಪ, ಆಚಾರ್ಯರು ಅಂದಾಜಿನ ಮೇಲೆ ಹೊಸ ಚೌಕಟ್ಟು ಕೊರೆದು ಕೂರಿಸಿದರು. ಹಸಿರು ಬಣ್ಣ ಹೊಡೆದ ಮೇಲೆ ಪಿಕಪ್ಪು ಮದುಮಗನ ಹಾಗೆ ಮಿಂಚಿತು. ದಾರಿಹೋಕರು ನಿಂತು ಹೊಗಳಿದರು. ಹೊಗಳಿದಷ್ಟೂ ನಾನು ಬಲಬದಿಯ ಕಿಟಕಿಗೆ ಅಡ್ಡ ನಿಲ್ಲುತ್ತಿದ್ದೆ.

ಅಬ್ಬಾಸಾಕ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಆಟೋದಲ್ಲಿ ಬಂದರು. ಗಾಡಿಯ ಸುತ್ತ ಒಂದು ಸುತ್ತು ಬಂದು, "ಲಾಯ್ಕಾಗಿದೆ" ಎಂದರು. ಮೆಲ್ಲ ಹತ್ತಿ ಕೂತರು. ಕೂತವರ ಮೊಣಕೈ ತಾನಾಗಿಯೇ ಕಿಟಕಿಯ ಅಂಚಿಗೆ ಹೋಯಿತು, ಜಾರಿತು. ಮತ್ತೆ ಇಟ್ಟರು, ಮತ್ತೆ ಜಾರಿತು. ಎಂಜಿನ್ನು ಚಾಲೂ ಮಾಡಿ ಅಂಗಳದಲ್ಲಿ ಅರ್ಧ ಸುತ್ತು ಹೋಗುವಷ್ಟರಲ್ಲಿ ಆ ಕೈ ನಾಲ್ಕು ಸಲ ಜಾಗ ಹುಡುಕಿತು. ಗಾಡಿ ನಿಲ್ಲಿಸಿ ಕೇಳಿದರು: "ಕೈ ಇಡುದೆಲ್ಲಿ ಮಾಷ್ಟ್ರೆ?"

ನಿಜ ಹೇಳಬೇಕಿತ್ತು. "ಗೆದ್ದಲು ತಿಂದಿತ್ತು ಅಬ್ಬಾಸಾಕ" ಎಂದುಬಿಟ್ಟೆ.

ಅವರು ಹೊಸ ಮರವನ್ನು ಸ್ವಲ್ಪ ಹೊತ್ತು ಸವರಿದರು. "ಹಲಸಿನ ಮರದ ತಿರುಳಿಗೆ ಗೆದ್ದಲು ಹಿಡಿಯುದಿಲ್ಲ" ಎಂದರು. ಅವರ ದೃಷ್ಟಿ ಬಚ್ಚಲಿನ ಕಡೆ ಹೋಯಿತು. ಅವರೂ ಈ ಊರಿನವರೇ ಅಲ್ಲವೇ? ಸಿಟ್ಟು ಮಾಡಲಿಲ್ಲ. ಬಾಗಿಲು ತೆಗೆದು ಇಳಿಯುತ್ತಾ, ನಿಜಕ್ಕೂ ತಿಳಿಯಬೇಕು ಎಂಬಂತೆ ಕೇಳಿದರು: "ಹೋಗ್ಲಿ ಬಿಡಿ. ನೀರಾದ್ರೂ ಲಾಯ್ಕ ಕಾದಿತ್ತಾ?"

"ಕಾದಿತ್ತು" ಎಂದೆ. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು. ಉಳಿದ ಅರ್ಧ ಸುತ್ತಿಗೆ ಅವರು ಮತ್ತೆ ಗಾಡಿ ಹತ್ತಲೇ ಇಲ್ಲ. ಚಹಾ ಕುಡಿದು, ವಾರಿಜಳ ಹತ್ತಿರ ಮಾತಾಡಿ, ಆಟೋ ಹತ್ತಿ ಹೋದರು.

ಈಗ ದಿನಾ ಸಂಜೆ ಹಂಡೆ ಒಲೆಗೆ ಬೆಂಕಿ ಹಾಕಿ, ನೀರು ಕಾಯುವವರೆಗೆ ನಾನು ಪಿಕಪ್ಪಿನಲ್ಲಿ ಹೋಗಿ ಕೂರುತ್ತೇನೆ. ಮೊಣಕೈಯನ್ನು ಕಿಟಕಿಯ ಅಂಚಿಗೆ ಊರಿ ಅತ್ತಿತ್ತ ತಿಕ್ಕುತ್ತೇನೆ. ಚರ್ಮ ತರಚಿದೆ, ಮರಕ್ಕೆ ಏನೂ ಆಗಿಲ್ಲ. ಮೊನ್ನೆ ವಾರಿಜ ಅಂಗಳದಿಂದ ಕೂಗಿದಳು: "ನೀರು ಕುದಿದು ಹಂಡೆ ಅರ್ಧ ಆಯ್ತು, ಎಂತ ಮಾಡುದು ನೀವಲ್ಲಿ?" "ಗುಳಿ ಮಾಡುದು" ಎಂದೆ. ಲೆಕ್ಕ ಹಾಕಿ ನೋಡಿದ್ದೇನೆ, ಅಬ್ಬಾಸಾಕರಷ್ಟು ದೊಡ್ಡ ಗುಳಿ ಬೀಳಲು ನಲವತ್ತು ವರ್ಷ ಬೇಕು. ನನಗೀಗ ಅರವತ್ತೆರಡು, ಅವರಿಗೆ ಎಂಬತ್ತನಾಲ್ಕು. ಜೀವನದಲ್ಲಿ ಮೊದಲ ಸಲ, ಲೆಕ್ಕ ತಪ್ಪಾಗಿರಲಿ ಎಂದು ಮೂರು ಸಲ ಮಾಡಿದೆ. ಮೂರು ಸಲವೂ ಸರಿಯಾಗಿಯೇ ಬಂತು.