ಎರಡು ಗಂಟೆಗೆ ಬಂದ ಊರು

ನಮ್ಮ ಅಳಿಯಂದಿರು ಲೆಕ್ಕ ಹಾಕುವಷ್ಟು ದಿನ ಇಂಥ ತಮಾಷೆಗಳು ನಡೆಯುತ್ತಲೇ ಇರುತ್ತವೆ. ಹೊಸಪೇಟೆಯ ಕಾಲೇಜಿನಲ್ಲಿ ಅವರು ಗಣಿತದ ಮೇಷ್ಟ್ರು. ಲೋಕದಲ್ಲಿ ನಡೆಯುವುದನ್ನು ಸಮೀಕರಣಕ್ಕಿಳಿಸಿ, ಮುಂದೇನಾದೀತೆಂದು ಹೇಳುತ್ತಾರೆ. ಅದಕ್ಕೆ ಗಣಿತದ ಮಾದರಿ ಎನ್ನುತ್ತಾರಂತೆ. ಊರ ಶಾಲೆಯಲ್ಲಿ ಮಗ್ಗಿ ಕಲಿತ ನನಗೆ, ಅದು ದೇವರ ಬೆನ್ನ ಹಿಂದೆ ನಿಂತು ಇಣುಕಿದಂತೆ ಕಾಣುತ್ತದೆ.

ಶ್ರಾವಣದ ಕೊನೆಯ ಶನಿವಾರ ಪಾಪಿನಾಯಕನಹಳ್ಳಿಯ ಹನುಮಪ್ಪನ ಗುಡಿಯಲ್ಲಿ ನನ್ನ ಹರಕೆಯ ಅನ್ನದಾನ. ಬಂದವರು ಒಬ್ಬರೂ ಹಸಿದು ತಿರುಗಬಾರದು, ಅದೇ ಹರಕೆ. ಜನರ ಲೆಕ್ಕವನ್ನು ಅಳಿಯಂದಿರಿಗೆ ಒಪ್ಪಿಸುತ್ತೇನೆ ಎಂದಾಗ, ಅವರ ತಂದೆ, ಕಂಪ್ಲಿಯ ನಮ್ಮ ಬೀಗರು, ನಕ್ಕು ಮೊದಲ ಕಥೆ ಹೇಳಿದರು.

ಕಂಪ್ಲಿಯ ಬಾಳೆ

ಮಗ ಚಿಕ್ಕವನಿದ್ದಾಗ ಮಳೆಗಾಲದಲ್ಲಿ ಎಳೆಬಾಳೆಯನ್ನು ವಾರವಾರ ಅಳೆದು, ಕಾಗದದ ಮೇಲೆ ನೆಟ್ಟಗೆ ಗೆರೆ ಎಳೆದನಂತೆ. ಗೆರೆ ಎಲ್ಲಿಯೂ ನಿಲ್ಲಲಿಲ್ಲ.

"ಅಪ್ಪಾ, ಬರೋ ದೀಪಾವಳಿಗೆ ಇದು ವಿರೂಪಾಕ್ಷನ ಗೋಪುರದ ಸಮ ಬರ್ತತಿ!"

"ಗೊನಿ ಕಡಿಯಾಕ ಹೆಲಿಕಾಪ್ಟರ್ ತರಸ್ತೀಯೇನ್ಲೇ?"

ಸಂಡೂರಿನ ದಾರಿ

ಅಡುಗೆಯ ಕೊಪ್ಪರಿಗೆ ತರಲು ಅಳಿಯಂದಿರ ಜೊತೆ ಸಂಡೂರಿಗೆ ಹೊರಟೆ. "ಈ ದಾರಿಯ ಲೆಕ್ಕ ಹಾಕೀನಿ ಮಾವ, ಊಟದ ಹೊತ್ತಿಗೆ ಮನ್ಯಾಗಿರ್ತೀವಿ" ಎಂದರು. ಊಟದ ಹೊತ್ತಿಗೆ ಘಾಟಿಯಲ್ಲಿ ಅದಿರಿನ ಲಾರಿಗಳ ನಡುವೆ ಸಿಕ್ಕಿಕೊಂಡಿದ್ದೆವು.

"ಯಾವಾಗ ಅಳದಿದ್ರಿ?"

"ರಜಾ ಇತ್ತಲ್ಲ ಮಾವ, ಆಯುಧಪೂಜಿ ದಿನ."

"ಅವತ್ತು ಲಾರಿಗಳೂ ಜಳಕ ಮಾಡಿ, ಮಾಲಿ ಹಾಕ್ಕೊಂಡು, ಕುಂಬಳಕಾಯಿ ಒಡಿಯೋದು ನೋಡ್ತಾ ನಿಂತಿದ್ವಲ್ರೀ!"

ಗುಡಿಯ ಊಟ

ಈ ಸಲ ಅಳಿಯಂದಿರು ಶ್ರಾವಣದ ಹಿಂದಿನ ಶನಿವಾರ ಒಂದನ್ನೂ ಬಿಡದೆ, ಬೇರೆಯವರ ಅನ್ನದಾನದ ಹೊತ್ತಿಗೆ ಗುಡಿಯ ಮುಂದೆ ಕುಳಿತು ನೋಡಿದರು. "ಹನ್ನೆರಡಕ್ಕ ಭಾಳ ನೂಕಾಟ, ಎರಡಕ್ಕ ಎಲ್ಲಾ ಖಾಲಿ" ಎಂದರು. ಪ್ರತಿ ವಾರವೂ ಹಾಗೇ ಆಯಿತು. ನಾನು ಕೈಮುಗಿದೆ. ಗುಡಿಯ ಪೂಜಾರಪ್ಪನಿಗಂತೂ ಎಷ್ಟು ಖುಷಿಯಾಯಿತೆಂದರೆ, ನನ್ನ ಅನ್ನದಾನದ ಹಿಂದಿನ ದಿನವೇ ಮೈಕಿನಲ್ಲಿ ಕೂಗಿಬಿಟ್ಟ: "ನೂಕಾಟ ಬ್ಯಾಡ್ರಿ, ಎರಡು ಗಂಟೆಗೆ ಬರ್ರಿ, ಆರಾಮ ಕುಂತು ಉಣ್ರಿ!"

ಹನ್ನೆರಡಕ್ಕೆ ಎಲೆ ಹಾಸಿದೆವು. ಅನ್ನ ಹಬೆಯಾಡುತ್ತಿತ್ತು. ಗುಡಿಯಲ್ಲಿ ಹನುಮಪ್ಪ ಮತ್ತು ನಾವು ಮನೆಯವರು ಮಾತ್ರ. ಎರಡಕ್ಕೆ ಊರಿಗೆ ಊರೇ ಬಂತು, ಪಕ್ಕದ ಗಾದಿಗನೂರಿನವರೂ ಬಂದರು. ನೂಕಾಟಕ್ಕೆ ಹೆದರಿ ಅಜ್ಜಿಯರು ಮನೆಯ ಕಡೆ ತಿರುಗಿದ್ದು ಕಂಡು, ಹರಕೆ ಮುರಿಯಿತಲ್ಲಪ್ಪಾ ಎಂದು ಹನುಮಪ್ಪನ ಕಡೆ ನೋಡಿದೆ.

ಬೀಗರು ಕಟ್ಟೆ ಹತ್ತಿ ಗಟ್ಟಿಯಾಗಿ ಕೇಳಿದರು: "ಲೆಕ್ಕದ ಪ್ರಕಾರ ಈ ಹೊತ್ತಿಗೆ ಯಾರೂ ಬರಂಗಿಲ್ಲ. ನೀವೆಲ್ಲ ಯಾರ್ರಿ?"

ಜನ ಬಿದ್ದುಬಿದ್ದು ನಕ್ಕರು. ನಗುತ್ತಾ ನೂಕುವುದನ್ನು ಮರೆತು, ನಿಂತಲ್ಲೇ ಕುಳಿತರು. ಪಂಕ್ತಿ ಬಸ್ ನಿಲ್ದಾಣದವರೆಗೆ ಹೋಯಿತು. ಅಜ್ಜಿಯರನ್ನು ಕರೆತಂದು ಮೊದಲು ಬಡಿಸಿದೆವು. ಒಬ್ಬರೂ ಹಸಿದು ಹೋಗಲಿಲ್ಲ.

ಹುಗ್ಗಿ ಬಡಿಸುತ್ತಾ ಅಳಿಯಂದಿರು ಮೆಲ್ಲಗೆ ಹೇಳಿದರು: "ಲೆಕ್ಕ ಸರಿ ಇತ್ತು ಮಾವ. ಜನ ಅದನ್ನ ಕೇಳಿಸ್ಕೊಂತಾರ ಅನ್ನೋದೊಂದು ಬಿಟ್ಟಿದ್ದೆ."

ಒಂದು ಮಾತಿಗೆ ಇಡೀ ಊರಿನ ಹಸಿವು ಎರಡು ತಾಸು ಕಾದಿತ್ತಲ್ಲ! ಆ ಬೆರಗು ನನಗೆ ಇನ್ನೂ ಇಳಿದಿಲ್ಲ. ಓದಿದವರು ಇದನ್ನು ನಾಲ್ಕು ಮಂದಿಗೆ ಹೇಳಿ. ಊಟದ ಹೊತ್ತು ಮಾತ್ರ ಹೇಳಬೇಡಿ.