ತಾನಾಗಿ ಆರುವ ದೀಪ

ಪ್ರೂಫ್ ರೀಡರ್ ಕಣ್ಣು ತಪ್ಪಿಸಿ ಒಂದು ಅಲ್ಪವಿರಾಮವೂ ಅಚ್ಚಿಗೆ ಹೋಗುತ್ತಿರಲಿಲ್ಲ. ಆದರೆ ಕಾರಿನ ಸೈಡ್ ಲೈಟ್ ಆರಿಸುವುದನ್ನು ಮಾತ್ರ ಅವರು ವಾರಕ್ಕೆರಡು ಸಲ ಮರೆಯುತ್ತಿದ್ದರು. ಆವತ್ತು ಬೆಳಗ್ಗೆಯೂ ಬ್ಯಾಟರಿ ಇಳಿದು, ಕೀಲಿ ತಿರುಗಿಸಿದರೆ ಕಾರು ‘ಟಿಕ್’ ಅಂದಿತು, ಅಷ್ಟೆ.

“ಸರಿಹೋಯ್ತು!” ಹೆಂಡತಿ ಬಾಗಿಲಲ್ಲೇ ಸೊಂಟಕ್ಕೆ ಕೈಯಿಟ್ಟರು. “ನಾಲ್ಕು ಗಂಟೆಗೆ ನಿಮ್ಮಕ್ಕ ರೈಲಿಳೀತಾರೆ. ಹನ್ನೊಂದು ವರ್ಷ ಆದ್ಮೇಲೆ ಬರ್ತಿದಾರೆ. ಅಪ್ಪನ ಕಾರಲ್ಲೇ ಬರಬೇಕು ಅಂತ ಮೂರು ಸಲ ಫೋನ್ ಮಾಡಿ ಹೇಳಿದಾರೆ.”

“ನಮ್ಮಪ್ಪನೂ ಹೀಗೇ ಮರೀತಿದ್ರು ಕಣೇ. ರಕ್ತದಲ್ಲೇ ಬಂದಿದೆ.”

ಅದನ್ನು ಹೇಳುವಾಗ ಅವರ ದನಿಯಲ್ಲಿ ಸ್ವಲ್ಪ ಹೆಮ್ಮೆಯೇ ಇತ್ತು. ಆಗೆಲ್ಲ ಬೆಳಗಾದರೆ ಅಪ್ಪ ಬೀದಿಯಲ್ಲಿ ನಿಂತು “ಯಾರ್ರೀ ಇದೀರಾ?” ಅನ್ನುತ್ತಿದ್ದರು. ಅರ್ಧ ಕ್ಷೌರವಾದ ಮುಖದಲ್ಲಿ ಒಬ್ಬರು, ಟವೆಲ್ ಹೊದ್ದುಕೊಂಡು ಇನ್ನೊಬ್ಬರು ಓಡಿ ಬರುತ್ತಿದ್ದರು. ತಳ್ಳಲು ಕೈಲಾಗದವಳೆಂದು ಅಕ್ಕನನ್ನು ಸ್ಟೀರಿಂಗ್ ಮುಂದೆ ಕೂರಿಸಿ, ಅಪ್ಪ ಪಕ್ಕದಲ್ಲಿ ಕೂತು ಕಾಲು ಚಾಚಿ ಕ್ಲಚ್ ನೋಡಿಕೊಳ್ಳುತ್ತಿದ್ದರು. ಹಿಂದೆ ಬೀದಿಗೆ ಬೀದಿಯೇ ಹೆಗಲು ಕೊಡುತ್ತಿತ್ತು. ಕಾರು ಹೊರಟ ಮೇಲೂ ಅರ್ಧ ಗಂಟೆ ಯಾರೂ ಮನೆಗೆ ಹೋಗುತ್ತಿರಲಿಲ್ಲ, ಅಲ್ಲೇ ಹರಟೆ. ಈಗ ಎಲ್ಲರ ಬಾಗಿಲೂ ಮುಚ್ಚಿತ್ತು.

ಒಂದು ಬಾಗಿಲು ತೆರೆಯಿತು. ಎದುರುಮನೆಯ ರೇಡಿಯೋ ಮಾಮ. ಊರಲ್ಲಿ ರೇಡಿಯೋಗಳು ಮೂಕವಾದ ಮೇಲೆ ಅವರ ಸ್ಕ್ರೂಡ್ರೈವರಿಗೆ ಕೆಲಸವಿಲ್ಲದೆ ಅಂಗೈ ನವೆ.

“ಎಷ್ಟು ದಿನ ಅಂತ ತಳ್ಳಿಸ್ಕೋತೀಯ? ಕೀಲಿ ತಿರುಗಿಸಿದ್ರೆ ದೀಪ ಹತ್ತಬೇಕು, ಕೀಲಿ ತೆಗೆದ್ರೆ ಆರಬೇಕು. ಹಾಗೆ ಮಾಡಿಕೊಡ್ತೀನಿ. ನೀನು ಮರೆತ್ರೂ ದೀಪ ಮರೆಯಲ್ಲ.”

ಬ್ಯಾಟರಿಯನ್ನು ಚಾರ್ಜಿಗೆ ಹಾಕಿ, ಮಾಮ ಡ್ಯಾಷ್‌ಬೋರ್ಡಿನ ಕೆಳಗೆ ತಲೆ ತೂರಿಸಿದರು. ಮೂಲೆಮನೆಯ ಟೈಲರ್ ಬಂದು, “ತಂತಿಯಾದ್ರೇನು, ದಾರವಾದ್ರೇನು, ಗಂಟು ಗಟ್ಟಿ ಇರಬೇಕು” ಎಂದು ಸಲಹೆ ಕೊಟ್ಟರು.

ಎರಡು ಗಂಟೆಯ ಹೊತ್ತಿಗೆ ಬ್ಯಾಟರಿ ಜೋಡಿಸಿ ಮೊದಲ ಸಲ ಕೀಲಿ ತಿರುಗಿಸಿದಾಗ ಹಾರ್ನ್ ಕರು ಕಳೆದುಕೊಂಡ ಹಸುವಿನಂತೆ ಒದರಿತು. ಎರಡನೇ ಸಲ ವೈಪರ್ ಎದ್ದು ಟೈಲರ್ ಕನ್ನಡಕ ಹಾರಿಸಿತು. ಮೂರನೇ ಸಲ ಎರಡೂ ದೀಪ ಹತ್ತಿದವು. ಕೀಲಿ ತೆಗೆದರೆ ಆರಿದವು. ಪ್ರೂಫ್ ರೀಡರ್ ಕಣ್ಣಲ್ಲಿ ನೀರೇ ಬಂತು.

ಆದರೆ ದಾರಿಯಲ್ಲಿ ಶುರುವಾಯಿತು ನೋಡಿ. ಮಟಮಟ ಮಧ್ಯಾಹ್ನ ದೀಪ ಹಾಕಿಕೊಂಡು ಹೋಗುವವನನ್ನು ಕಂಡರೆ ಜನಕ್ಕೆ ಸುಮ್ಮನಿರಲಾಗುತ್ತದೆಯೇ? ಎದುರಿಗೆ ಬಂದವರೆಲ್ಲ ಬೆರಳು ಅರಳಿಸಿ ಮುಚ್ಚಿ ಸನ್ನೆ ಮಾಡಿದರು. ಸೈಕಲ್‌ನವನೊಬ್ಬ ಬಾನೆಟ್ ತಟ್ಟಿ ಹೇಳಿದ. ಪೊಲೀಸರು ಸೀಟಿ ಊದಿ ನಿಲ್ಲಿಸಿದರು.

“ಏನ್ ಸ್ವಾಮಿ, ದೀಪ ಹಿಡ್ಕೊಂಡು ಸೂರ್ಯನ್ನ ಹುಡುಕ್ತಿದೀರಾ?”

ಪ್ರೂಫ್ ರೀಡರ್ ಕೀಲಿಯ ಕತೆಯನ್ನು ಆದಿಯಿಂದ ಹೇಳಿದರು. ಹೀಗೆ ನಾಲ್ಕು ಕಡೆ ಹೇಳುವಷ್ಟರಲ್ಲಿ ನಾಲ್ಕು ಗಂಟೆ ಹೊಡೆಯಿತು. ನಿಲ್ದಾಣದ ಮುಂದೆ ಬ್ರೇಕ್ ಒತ್ತಿದ ರಭಸಕ್ಕೆ ಕಾರು ಕೆಮ್ಮಿ ತಾನೇ ನಿಂತಿತು. ಒಳಗೆ ರೈಲಿನ ಸದ್ದು. ಅವರು ಬಾಗಿಲು ದೂಡಿ ಓಡಿದರು.

“ಸಾರ್, ಲೈಟು!” ಆಟೋದವನು ಕೂಗಿದ.

“ಅದು ತಾನಾಗೇ ಆರುತ್ತಪ್ಪಾ!” ಅವರು ತಿರುಗಿಯೂ ನೋಡಲಿಲ್ಲ.

ಬಂದಿದ್ದು ಬೇರೆ ರೈಲು. ಅಕ್ಕನ ರೈಲು ಒಂದೂವರೆ ಗಂಟೆ ತಡ. ಕೊನೆಗೆ ಅಕ್ಕನ ಟ್ರಂಕ್ ಹೊತ್ತು ಹೊರಬಂದರೆ ದೀಪಗಳು ಬೂದಿ ಮುಚ್ಚಿದ ಕೆಂಡದ ಹಾಗೆ ಮಿಣಮಿಣ ಅನ್ನುತ್ತಿದ್ದವು. ಕೀಲಿ ಅಲ್ಲೇ ಇತ್ತು, ತಿರುಗಿಸಿದ ಹಾಗೇ ಇತ್ತು.

“ಅಪ್ಪನ ಬುದ್ಧಿ ಅಕ್ಕ, ಏನ್ ಮಾಡ್ಲಿ,” ಎಂದು ಅವರು ತಲೆ ತಗ್ಗಿಸಿದರು.

ಅಕ್ಕ ಕಾರಿನ ಮೈ ಸವರಿದರು. ಅರವತ್ತೇಳರ ಆ ಮುಖದಲ್ಲಿ ಹನ್ನೆರಡರ ತುಂಟತನ ಇಣುಕಿತು. “ಅಪ್ಪ ಒಂದು ದಿನಾನೂ ಮರೀಲಿಲ್ಲ ಕಣೋ ಮರಿ. ಅವರು ಒಳಗೆ ಹೋದ್ಮೇಲೆ ನಾನು ಹೋಗಿ ದೀಪ ಹಾಕಿ ಬರ್ತಿದ್ದೆ.”

“ಆಂ? ಯಾಕೆ?”

“ಹೆಣ್ಣುಮಕ್ಕಳಿಗೆ ಯಾಕೆ ಕಾರು ಅಂತಿದ್ರಲ್ಲ. ಕಾರು ಕೆಟ್ಟು ನಿಂತ್ರೆ ಮಾತ್ರ ಸ್ಟೀರಿಂಗ್ ನನ್ನ ಕೈಗೆ ಸಿಗ್ತಿತ್ತು. ಮದುವೆ ಆಗಿ ಹೋದ ಊರಲ್ಲಿ ಮೊದಲು ಕಲಿತಿದ್ದೇ ಡ್ರೈವಿಂಗ್. ಸರಿ, ನೀನು ತಳ್ಳು.”

ಪ್ರೂಫ್ ರೀಡರ್ ಇಷ್ಟು ವರ್ಷ ಪಿತ್ರಾರ್ಜಿತ ಅಂದುಕೊಂಡಿದ್ದ ಮರೆವು ಸ್ವಯಾರ್ಜಿತವಾಗಿ ಹೋಗಿತ್ತು!

ಟ್ರಂಕನ್ನು ನೆಲಕ್ಕಿಟ್ಟು, ಕೂಲಿಗಳ ಜೊತೆ ಅವರೂ ಹೆಗಲು ಕೊಟ್ಟರು. ಕಾರು ಎರಡು ಸಲ ಮುಗ್ಗರಿಸಿ ಬುರ್ರೆಂದಿತು. ಅಕ್ಕ ನಿಲ್ಲಿಸಲಿಲ್ಲ.

“ನಿಲ್ಲಿಸಿದ್ರೆ ಮತ್ತೆ ಹೊರಡಲ್ವೋ! ನೀನು ಬಸ್ಸಲ್ಲಿ ಬಾ!” ಎಂಬ ಕೂಗು ಹೊಗೆಯ ಒಳಗಿಂದ ಬಂತು.

ಎರಡು ಬಸ್ಸು ಬದಲಿಸಿ, ಟ್ರಂಕನ್ನು ತೊಡೆಯ ಮೇಲಿಟ್ಟುಕೊಂಡು ಅವರು ಬೀದಿ ಮುಟ್ಟಿದಾಗ ಮುಸ್ಸಂಜೆ. ಕಾರು ಮನೆ ಮುಂದೆ ನಿಂತಿತ್ತು. ಸೈಡ್ ಲೈಟ್ ಎರಡೂ ಉರಿಯುತ್ತಿದ್ದವು. ಒಳಗೆ ಹೆಂಡತಿ, ರೇಡಿಯೋ ಮಾಮ, ಟೈಲರ್, ಮಾತು ಬಿಟ್ಟು ಎಷ್ಟೋ ವರ್ಷವಾಗಿದ್ದ ಪಕ್ಕದ ಮನೆಯವರು ಕೂಡ ಅಕ್ಕನ ಸುತ್ತ ಕೂತು ನಗುತ್ತಿದ್ದರು.

“ಲೈಟು! ಕೀಲಿ!” ಪ್ರೂಫ್ ರೀಡರ್ ಏದುಸಿರು ಬಿಟ್ಟರು.

“ಕೀಲಿ ಇಲ್ಲೇ ಇದೆ,” ಎಂದು ಅಕ್ಕ ಸೆರಗಿನ ಗಂಟು ತೋರಿಸಿದರು. “ಮಾಮನ ಕೈಲಿ ಆ ತಂತಿ ಬಿಚ್ಚಿಸಿ, ದೀಪ ನಾನೇ ಹಾಕಿ ಬಂದೆ. ಬೆಳಗ್ಗೆ ಏಳಕ್ಕೆ ಎಲ್ಲರೂ ತಳ್ಳೋಕೆ ಬರ್ತಾರಂತೆ. ಹದಿನೈದು ದಿನ ಇರ್ತೀನಲ್ಲ, ನೀನು ಹಿಂದಿನ ಬಂಪರ್ ಹಿಡ್ಕೋ.”