ತಾರಸಿಯ ಮೇಲಿನ ಸಹವಾಸ

ನಮ್ಮ ಮನೆಯಲ್ಲಿ ಮಗ ಕೆಟ್ಟರೆ ತಪ್ಪು ನನ್ನದು. ಸುಧಾರಿಸಿದರೆ ಅದು ತಾಯಿಯ ಕಡೆಯಿಂದ ಬಂದ ಗುಣ. ಹಾಗಾಗಿ ಕಾಲೇಜಿಗೆ ಹೋಗುವ ಮಗನ ದಿಂಬಿನಡಿ ಕಲ್ಲಂಗಡಿ ವಾಸನೆಯ ವೇಪ್ ಎಂಬ ಬ್ಯಾಟರಿ ಸಿಗರೇಟು ಸಿಕ್ಕಾಗ ನನ್ನವಳು ಅದನ್ನು ತಂದು ನನ್ನ ತಟ್ಟೆಯ ಪಕ್ಕದಲ್ಲೇ ಇಟ್ಟಳು.

"ನೋಡಿ, ನಿಮ್ಮ ಮಗನ ಘನಕಾರ್ಯ! ಅಪ್ಪ ಅನ್ನಿಸ್ಕೊಂಡೋರು ಏನಾದ್ರೂ ಮಾಡಿ."

"ಮಾಡ್ತೀನಿ ಕಣೇ, ಊಟ ಮುಗೀಲಿ."

"ಅವನ ಶ್ವಾಸಕೋಶ ಮುಗಿದ್ಮೇಲೆ ಮಾಡಿ, ಆತುರ ಏನಿಲ್ಲ."

ಹೆದರಿಕೆ ನನಗೂ ಆಗಿತ್ತು. ಇರುವವನು ಒಬ್ಬನೇ ಮಗ. ಆದರೆ ನಾನು ಡ್ರೈವಿಂಗ್ ಕಲಿಸುವ ಮೇಷ್ಟ್ರು. ಕಲಿಯುವವರ ಮೇಲೆ ರೇಗಿದರೆ ಅವರು ಗಾಬರಿಯಲ್ಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರ್ ತುಳಿಯುತ್ತಾರೆ ಎಂಬುದು ನನ್ನ ಜೀವಮಾನದ ಸಂಶೋಧನೆ. (ಕಾರಿನಲ್ಲಾದರೆ ನನ್ನ ಕಾಲಡಿಯೂ ಒಂದು ಬ್ರೇಕ್ ಇರುತ್ತದೆ. ಸಂಸಾರದಲ್ಲಿ ಆ ಸೌಲಭ್ಯವಿಲ್ಲ.) ಬೈಯಬಾರದು, ಅಕ್ಕರೆಯಿಂದ ವಿಚಾರಿಸಬೇಕು ಎಂಬ ಆ ಮಹಾಸೂತ್ರವನ್ನು ಮನೆಗೂ ಅನ್ವಯಿಸಲು ನಿರ್ಧರಿಸಿ, ವೇಪನ್ನು ಮತ್ತೆ ಅವನ ದಿಂಬಿನಡಿಯೇ ಇಟ್ಟೆ.

ಸಂಜೆ ಮಗ ಗೆಳೆಯರೊಂದಿಗೆ ತಾರಸಿಯಲ್ಲಿ ಹೊಗೆ ಬಿಡುತ್ತಿದ್ದಾಗ ಪ್ಲಾಸ್ಟಿಕ್ ಕುರ್ಚಿ ಹೊತ್ತುಕೊಂಡು ಮೇಲೆ ಹೋಗಿ ನಡುವೆ ಕೂತೆ.

"ಇವತ್ತು ಯಾವ ಹಣ್ಣು?" ಎಂದು ಕೇಳಿದೆ. ಮಗನ ಮುಖ ಹುಳ್ಳಗಾಯಿತು. ಮರುದಿನವೂ ಹೋದೆ. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ದ್ರಾಕ್ಷಿ ಮೇಲೋ ಪುದೀನ ಮೇಲೋ ಎಂದು ವಿಚಾರಿಸಿದೆ. ಕೆಲವೇ ದಿನಗಳಲ್ಲಿ ಮಗ ಆ ಯಂತ್ರವನ್ನು ನನ್ನೆದುರೇ ಕಸದ ಬುಟ್ಟಿಗೆ ಎಸೆದ.

"ಅಪ್ಪ ಪಕ್ಕದಲ್ಲಿ ಕೂತು ಚೆನ್ನಾಗಿದೆಯಾ ಅಂತ ಕೇಳಿದ್ರೆ ಯಾರಿಗೆ ಮಜಾ ಬರುತ್ತೆ? ಅವರೆಲ್ಲ ಸೇದ್ತಾರೆ ಅಂತ ನಾನೂ ಸೇದ್ತಿದ್ದೆ, ಅಷ್ಟೇ."

ನಾನು ಗೆದ್ದೆ. ಆದರೆ ಗೆಳೆಯರು ಬರುವುದನ್ನು ಬಿಡಲಿಲ್ಲ. ಬೈಯದ ಅಪ್ಪನೊಬ್ಬ ಅವರಿಗೆ ಸಿಕ್ಕಿದ್ದು ಅದೇ ಮೊದಲು. ಮಗ ಒಳಗೆ ಓದುತ್ತಿದ್ದರೂ "ಅಂಕಲ್ ಇದಾರಾ?" ಎಂದು ಬರತೊಡಗಿದರು. ನನ್ನ ಗೇರ್‌ಬಾಕ್ಸ್ ಜೋಕಿಗೆ ಬಿದ್ದು ಬಿದ್ದು ನಕ್ಕರು. (ಆ ಜೋಕಿಗೆ ನನ್ನವಳು ಮದುವೆಯಾದ ವರ್ಷವೂ ನಕ್ಕಿರಲಿಲ್ಲ.) ಸುಳ್ಳೇಕೆ ಹೇಳಲಿ, ನನಗೆ ಬಹಳ ಸಂತೋಷವಾಯಿತು. ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಶರ್ಟು ಹಾಕಿಕೊಂಡು ತಾರಸಿ ಹತ್ತುವುದು ಅಭ್ಯಾಸವಾಯಿತು.

ನಿನ್ನೆ ಅವರಲ್ಲಿ ಗುಂಗುರು ಕೂದಲಿನವನು ತನ್ನ ವೇಪನ್ನು ನನ್ನತ್ತ ಚಾಚಿದ. ಬೇಡಪ್ಪ ಎಂದೆ.

"ಬಿಡ್ರೋ, ಪಾಪ, ಅಂಕಲ್‌ಗೆ ವಯಸ್ಸಾಯ್ತು," ಎಂದ ಇನ್ನೊಬ್ಬ. ಉಳಿದವರೆಲ್ಲ ಹೌದೆಂದು ತಲೆಯಾಡಿಸಿದರು.

ಬೈದಿದ್ದರೆ ಸಹಿಸುತ್ತಿದ್ದೆ, ಆ ಕನಿಕರ ಸಹಿಸಲಾಗಲಿಲ್ಲ. ಕಿತ್ತುಕೊಂಡು ಭರ್ಜರಿಯಾಗಿ ಒಂದು ದಮ್ಮು ಎಳೆದೆ. ಕೆಮ್ಮು ಒತ್ತರಿಸಿ ಬಂತು, ಕಣ್ಣಲ್ಲಿ ನೀರು ಬಂತು. ಕಣ್ಣೊರೆಸಿಕೊಂಡು ನೋಡಿದರೆ ಒಣಗಿದ ಬಟ್ಟೆ ತೆಗೆಯಲು ಬಂದ ನನ್ನವಳು, ಅವಳ ಹಿಂದೆ ಮಗ. ಹುಡುಗರು ಆಗಲೇ ಮೆಟ್ಟಿಲಿಳಿದು ಮಾಯವಾಗಿದ್ದರು.

"ಅವರೇ ಬಲವಂತ ಮಾಡಿದ್ರು ಕಣೇ," ಎಂದೆ.

"ನೋಡಿದ್ಯೇನೋ ನಿಮ್ಮಪ್ಪನ್ನ? ಇನ್ಮೇಲೆ ಇವರ ಮೇಲೆ ಒಂದು ಕಣ್ಣಿಟ್ಟಿರು," ಎಂದು ಅವಳು ಮಗನಿಗೆ ಅಪ್ಪಣೆ ಕೊಟ್ಟಳು.

ಇವತ್ತು ಸಂಜೆ ಹುಡುಗರು ಬಂದಿದ್ದರು. ಮಗ ಬಾಗಿಲಲ್ಲೇ ನಿಂತು "ಅಪ್ಪ ಮನೇಲಿಲ್ಲ" ಎಂದದ್ದು ಕೋಣೆಯೊಳಗಿದ್ದ ನನಗೆ ಸ್ಪಷ್ಟವಾಗಿ ಕೇಳಿಸಿತು. ಅವರನ್ನು ಕಳಿಸಿ, ಬಂದು ನನ್ನ ಪಕ್ಕ ಕೂತ.

"ನಿಮ್ಮ ವಯಸ್ಸಿನ ಒಳ್ಳೆಯವರ ಜೊತೆ ಸೇರಿ ಅಪ್ಪ."

ಆಗಲಪ್ಪ ಎಂದೆ. ಅಂಥವರು ಯಾರೂ ಈವರೆಗೆ ನನ್ನನ್ನು ಕೇಳಿಕೊಂಡು ಬಂದಿಲ್ಲ ಎಂದು ಅವನಿಗೆ ಹೇಳಲಿಲ್ಲ.